ಸ್ಪೀಕರ್ ಕಾಯುವುದೇಕೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ 2.1 (ಎರಡು ಸ್ಪೀಕರ್, ಒಂದು ಸಬ್‌ವೂಫರ್) ಕಂಪ್ಯೂಟರ್ ಸ್ಪೀಕರ್ ಅರ್ಧ ಗಂಟೆ ಹಾಡಿ ಸದ್ದು ನಿಲ್ಲಿಸುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ತಾನಾಗಿಯೇ ಸರಿಹೋಗುತ್ತದೆ. ಸಬ್‌ವೂಫರ್ ಹಿಂಬದಿ ಮುಟ್ಟಲಾಗದಷ್ಟು ಬಿಸಿ. ಒಳಗೆ ಸದ್ದು ಹಿಗ್ಗಿಸುವ ಮೂರು ಟಿಡಿಎ2030ಎ ಐಸಿಗಳಿವೆ (ಚಿಪ್). ಜೋರಾಗಿ ಹಾಕುವುದೇ ಇಲ್ಲ, ಆದರೂ ಹೀಗೇಕೆ?
– ಓದುಗರು, ದಾವಣಗೆರೆ

ಉತ್ತರ: ಐಸಿ ಕೆಟ್ಟಿಲ್ಲ. ಅತಿಯಾಗಿ ಕಾದಾಗ ಕೆಲಸ ನಿಲ್ಲಿಸುವ ಏರ್ಪಾಡು ಅದರೊಳಗೇ ಇದೆ. ಇದು ಕ್ಲಾಸ್ ಎಬಿ ಎಂಬ ಬಗೆಯ ಆಂಪ್ಲಿಫೈಯರ್. ಇಂಥದ್ದು ಹೆಚ್ಚು ಕಾಯುವುದು ಪೂರ್ತಿ ವಾಲ್ಯೂಮ್‌ನಲ್ಲಲ್ಲ, ಗರಿಷ್ಠ ಶಕ್ತಿಯ ಸುಮಾರು 40% ಹೊರಬರುವಾಗ. 12-0-12 (ನಡುವಿನ ತಂತಿಯಿಂದ ಎರಡೂ ಕಡೆ 12 ವೋಲ್ಟ್ ಎಸಿ ಕೊಡುವ) ಟ್ರಾನ್ಸ್‌ಫಾರ್ಮರ್ ಆದರೆ ಡಯೋಡ್ ದಾಟಿ ಪ್ಲಸ್, ಮೈನಸ್ ಎರಡೂ ಕಡೆ ಸುಮಾರು 16 ವೋಲ್ಟ್ ಸಿಗುತ್ತದೆ. ಆಗ 4 ಓಮ್ ಸ್ಪೀಕರ್ ನಡೆಸುವ ಐಸಿ 13 ವ್ಯಾಟ್‌ವರೆಗೂ ಶಾಖ ಕಕ್ಕಬಲ್ಲದು. 8 ಓಮ್ ಆದರೆ ಅದರರ್ಧ. (ಎಡೆಬಿಡದ ನಾದಕ್ಕೆ ಈ ಲೆಕ್ಕ, ಹಾಡಿಗೆ ಕಡಿಮೆ.) ಕರೆಂಟು 230ರ ಬದಲು 250 ವೋಲ್ಟ್ ಬಂದರೆ ಶಾಖ 18% ಏರುತ್ತದೆ.

ಈ ಶಾಖ ಹೀಟ್ ಸಿಂಕ್ (ಶಾಖವನ್ನು ಗಾಳಿಗೆ ಬಿಡುವ ಲೋಹದ ಹಲಗೆ) ಸೇರದಿರುವುದೇ ಸಾಮಾನ್ಯ ದೋಷ. ಪ್ಲಗ್ ಕಿತ್ತು, ದೊಡ್ಡ ಕೆಪಾಸಿಟರ್‌ಗಳನ್ನು 100 ಓಮ್, 5 ವ್ಯಾಟ್ ರೆಸಿಸ್ಟರ್ ಮೂಲಕ ಖಾಲಿ ಮಾಡಿ. ಐಸಿಯ ಸ್ಕ್ರೂ ಬಿಚ್ಚಿ, ಶಾಖ ದಾಟಿಸುವ ಒಣಗಿದ ಪೇಸ್ಟ್ ಒರೆಸಿ, ಹೊಸದನ್ನು ತೆಳ್ಳಗೆ ಸವರಿ. ದಪ್ಪ ಬಳಿದರೆ ಶಾಖ ದಾಟುವುದಿಲ್ಲ. ಮೈಕಾ ತುಣುಕು (ಕರೆಂಟು ತಡೆಯುವ ತೆಳು ಹಾಳೆ) ಇದ್ದರೆ ಮರೆಯದೆ ಮತ್ತೆ ಕೂರಿಸಿ. ಈ ಐಸಿಯ ಲೋಹದ ಬೆನ್ನು 3ನೇ ಕಾಲಿಗೆ, ಅಂದರೆ ಮೈನಸ್ ಸಪ್ಲೈಗೆ ಸೇರಿದೆ. ಮೈಕಾ ಇಲ್ಲದೆ ಅದು ಗ್ರೌಂಡಿಗೆ ತಾಗಿದರೆ ಫ್ಯೂಸ್ ಹೋಗುತ್ತದೆ; ಫ್ಯೂಸೇ ಇಲ್ಲದ ಅಗ್ಗದ ಸೆಟ್‌ಗಳಲ್ಲಿ ಟ್ರಾನ್ಸ್‌ಫಾರ್ಮರೇ.

ಸದ್ದಿಲ್ಲದಾಗಲೂ ಒಂದೇ ಐಸಿ ಸುಡುತ್ತಿದ್ದರೆ ಅದರ ಔಟ್‌ಪುಟ್‌ನಲ್ಲಿರುವ 1 ಓಮ್ ರೆಸಿಸ್ಟರ್, 0.22 ಮೈಕ್ರೋಫ್ಯಾರಡ್ ಕೆಪಾಸಿಟರ್ ಜೋಡಿ ನೋಡಿ. ಅದು ಕೆಟ್ಟರೆ ಐಸಿ ಕಿವಿಗೆ ಕೇಳದ ಕಂಪನದಲ್ಲಿ ಸಿಲುಕಿ ಕಾಯಬಹುದು. ತಲೆ ಉಬ್ಬಿದ ಫಿಲ್ಟರ್ ಕೆಪಾಸಿಟರ್ ಬದಲಿಸುವಾಗ 105 ಡಿಗ್ರಿ ಬಿಸಿ ತಾಳುವಂಥದ್ದನ್ನೇ ಕೇಳಿ. ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಕಡಿಮೆಯಾಗದಿರಲಿ. ಜೋಡಿಸಿದ ಮೇಲೆ ಸ್ಪೀಕರ್ ಸಿಕ್ಕಿಸುವ ಮುನ್ನ ಔಟ್‌ಪುಟ್‌ನಲ್ಲಿ ಡಿಸಿ (ಒಂದೇ ದಿಕ್ಕಿನ) ವೋಲ್ಟ್ ಅಳೆಯಿರಿ. 0.1 ವೋಲ್ಟ್ ಮೀರಿದರೆ ಸಿಕ್ಕಿಸಬೇಡಿ.

ಪ್ರಶ್ನೆ: ವಾಲ್ಯೂಮ್ ಗುಬ್ಬಿಯನ್ನು ತಿರುಗಿಸಿ ಆಫ್ ಮಾಡಿದರೂ ಡಬ್ಬ ಬೆಚ್ಚಗಿರುತ್ತದೆ. ಕರೆಂಟು ಪೋಲಾಗುತ್ತಿದೆಯೇ?
– ಓದುಗರು, ಶಿರಸಿ

ಉತ್ತರ: ಹೌದು. ಅಂಥ ಸ್ವಿಚ್ ಹಲವು ಸೆಟ್‌ಗಳಲ್ಲಿ ಟ್ರಾನ್ಸ್‌ಫಾರ್ಮರ್ ಆದಮೇಲೆ ಬರುತ್ತದೆ. ಟ್ರಾನ್ಸ್‌ಫಾರ್ಮರ್ ಹಗಲಿರುಳೂ ಕರೆಂಟಿನಲ್ಲೇ ಇರುತ್ತದೆ. 3 ವ್ಯಾಟ್ ಸೋರಿದರೂ ತಿಂಗಳಿಗೆ 2 ಯೂನಿಟ್ ದಾಟುತ್ತದೆ. ಸ್ವಿಚ್ ಆನ್ ಇಟ್ಟು ಸುಮ್ಮನೆ ಬಿಟ್ಟರೆ ಮೂರು ಐಸಿಗಳೂ ಸೇರಿ 8 ವ್ಯಾಟ್, ಅಂದರೆ ಸುಮಾರು 6 ಯೂನಿಟ್. ಗೋಡೆಯ ಸ್ವಿಚ್ಚನ್ನೇ ಆರಿಸಿ.

ಪ್ರಶ್ನೆ: ಯುಎಸ್‌ಬಿ ಸ್ಪೀಕರ್ ಡಬ್ಬದ ಮೇಲೆ 10 ವ್ಯಾಟ್ ಎಂದಿದೆ. ಸದ್ದು ಹೆಚ್ಚಿಸಿದರೆ ಒಡೆಯುತ್ತದೆ.
– ಓದುಗರು, ಕೋಲಾರ

ಉತ್ತರ: ಯುಎಸ್‌ಬಿ 2.0 ಪೋರ್ಟ್ ಕೊಡುವುದೇ 5 ವೋಲ್ಟ್, 500 ಮಿಲಿಆಂಪ್: ಒಟ್ಟು 2.5 ವ್ಯಾಟ್. ಉಳಿದದ್ದು ಡಬ್ಬ ಅಚ್ಚು ಹಾಕಿದವರ ಔದಾರ್ಯ. ಬೇಸ್ ತಗ್ಗಿಸಿದರೆ ಒಡಕು ಕಡಿಮೆಯಾಗುತ್ತದೆ.