ಡಾಟರ್ ಆಫ್ ದಿ ಫಾರೆಸ್ಟ್: ಲಿರ್ ಮಕ್ಕಳ ಕಥೆಯೇನಾ?
ಜೂಲಿಯೆಟ್ ಮಾರಿಲಿಯರ್ ಅವರ ಈ ಕಾದಂಬರಿ ಐರಿಶ್ ಜನಪದದ ಲಿರ್ ಮಕ್ಕಳ ಕಥೆಯೇನಾ, ಪ್ರೇಮಕಥೆ ಹೇಗಿದೆ ಅಂತ ಕೇಳಿದ್ದೀರಿ. ಪೂರ್ತಿ ಅದೇ ಅಲ್ಲ. ಅಲ್ಲಿ ನಾಲ್ವರು ಮಕ್ಕಳೂ ಹಂಸಗಳಾಗಿ 900 ವರ್ಷ ಕಳೆಯುತ್ತಾರೆ. ಇಲ್ಲಿ ಮಲತಾಯಿಯ ಮಾಟಕ್ಕೆ ಸಿಕ್ಕಿ ಹಂಸಗಳಾಗುವುದು ಆರು ಅಣ್ಣಂದಿರು ಮಾತ್ರ. ಆ ಮಾಟ ಕಳೆಯಲು ತಂಗಿ ಸೊರ್ಖಾ ತುಟಿಪಿಟಕ್ಕೆನ್ನದೆ ಮುಳ್ಳುಗಿಡದ ನಾರಿನಲ್ಲಿ ಆರು ಅಂಗಿ ಸಿದ್ಧಮಾಡಬೇಕು. ಈ ಹಂದರ ಜರ್ಮನಿಯ ಜನಪದ ಕಥೆಗಳನ್ನು ಸಂಗ್ರಹಿಸಿದ ಗ್ರಿಮ್ ಸೋದರರ 'ಆರು ಹಂಸಗಳು' ಕಥೆಯದು, ಮಣ್ಣು ಐರ್ಲೆಂಡಿನದು.

ನಾರು ಬಿಡಿಸಿ ನೂಲುತ್ತಾ ಅವಳ ಬೆರಳು ಊದಿ ಗಂಟುಗಟ್ಟುವ ವಿವರಗಳೇ ಪುಸ್ತಕದ ಜೀವಾಳ. ನಾಯಕ ಶತ್ರುಪಾಳಯದವನು, ಬ್ರಿಟನ್ನಿನವನು, ಬರುವುದೂ ತಡ. ಇವಳು ಮಾತಾಡುವಂತಿಲ್ಲ, ಹಾಗಾಗಿ ಪ್ರೇಮ ಬಲು ನಿಧಾನ. ಬರೀ ರೊಮ್ಯಾನ್ಸ್‌ಗಾಗಿ ಹಿಡಿದರೆ ಮೊದಲ ಭಾಗದಲ್ಲೇ ಬೇಸರ ಬಂದೀತು. ನನಗಂತೂ ಆ ನಿಧಾನವೇ ಹಿಡಿಸಿತು. ಅತ್ಯಾಚಾರದ ದೃಶ್ಯವೊಂದಿದೆ, ತಿಳಿದಿರಲಿ.