ಯೂರಿಯಾ ಕಾರ್ಖಾನೆಯಲ್ಲಿ ಒಂದು ತಿಂಗಳ ಇಂಟರ್ನ್‌ಶಿಪ್‌ಗೆ ಹೋದರೆ ನಿಜಕ್ಕೂ ಏನಾದರೂ ಕಲಿಯಬಹುದೇ?

ಕೆಮಿಕಲ್ ಎಂಜಿನಿಯರಿಂಗ್ ಆರನೇ ಸೆಮಿಸ್ಟರ್ ಮುಗಿದಿದೆ, ಮಂಗಳೂರು ಕಡೆಯ ಯೂರಿಯಾ ಕಾರ್ಖಾನೆಯಲ್ಲಿ ಒಂದು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿದೆ, ಆದರೆ "ಅಲ್ಲಿ ಏನನ್ನೂ ಮುಟ್ಟೋಕೆ ಬಿಡಲ್ಲ, ಲೈಬ್ರರಿಯಲ್ಲಿ ಕೂತು ಸರ್ಟಿಫಿಕೇಟ್ ತಗೊಂಡು ಬರಬೇಕಷ್ಟೆ" ಎಂದು ಸೀನಿಯರ್‌ಗಳು ಹೆದರಿಸುತ್ತಿದ್ದಾರೆ ಎಂದು ಬರೆದಿದ್ದೀರಿ. ಖಂಡಿತ ಹೋಗಿ. ಮುಟ್ಟಲು ಬಿಡುವುದಿಲ್ಲ ಎಂಬ ಮಾತು ನಿಜ, ಬಿಡಲೂಬಾರದು. ಯೂರಿಯಾ ರಿಯಾಕ್ಟರ್ ಒಳಗೆ ಅಮೋನಿಯಾ ಮತ್ತು ಕಾರ್ಬನ್ ಡೈಆಕ್ಸೈಡ್ ಸೇರುವುದು ಸುಮಾರು 180-190 ಡಿಗ್ರಿ ಸೆಲ್ಸಿಯಸ್‌ನಲ್ಲಿ, 140 ಬಾರ್ ಆಸುಪಾಸಿನ ಅಥವಾ ಅದಕ್ಕೂ ಹೆಚ್ಚಿನ ಒತ್ತಡದಲ್ಲಿ. ಅಂಥ ಕಡೆ ಹೊಸಬರ ಕೈಗೆ ವಾಲ್ವ್ ಕೊಡುವ ಕಾರ್ಖಾನೆ ಇದ್ದರೆ ಅಲ್ಲಿಗೆ ಹೋಗಬೇಡಿ ಎನ್ನುತ್ತೇನೆ. ನೋಡುವುದಕ್ಕೆ, ಕೇಳುವುದಕ್ಕೆ, ಲೆಕ್ಕ ಹಾಕುವುದಕ್ಕೆ ಅಡ್ಡಿಯಿಲ್ಲವಲ್ಲ, ಒಂದು ತಿಂಗಳಿಗೆ ಅಷ್ಟು ಬೇಕಾದಷ್ಟಾಯಿತು.

ನಾನೂ ರಸಗೊಬ್ಬರ ಘಟಕದಲ್ಲೇ ಇಂಟರ್ನ್ ಆಗಿದ್ದವನು, ಈಗ ಪ್ರೋಸೆಸ್ ಎಂಜಿನಿಯರ್. ಬರುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಇಡೀ ಕಾರ್ಖಾನೆ ನೋಡಿಬಿಡುವ ಆತುರ. ಅಮೋನಿಯಾ, ಯೂರಿಯಾ, ಬಾಯ್ಲರ್, ಕೂಲಿಂಗ್ ಟವರ್, ಬ್ಯಾಗಿಂಗ್ ಎಂದು ಸುತ್ತಿ ಸುತ್ತಿ ಕೊನೆಗೆ ಕಂಪನಿಯ ಬ್ರೋಷರ್ ನಕಲಿನಂಥ ವರದಿ ಬರೆಯುತ್ತಾರೆ. ಮೊದಲ ಕೆಲವು ದಿನ ಸುತ್ತಿ, ಬೇಕು. ಆಮೇಲೆ ಒಂದೇ ಒಂದು ಲೈನ್, ಅಂದರೆ ಒಂದು ಪೈಪ್‌ನ ಹಾದಿ ಹಿಡಿಯಿರಿ.

ಉದಾಹರಣೆಗೆ ಅಮೋನಿಯಾ ಲೈನ್. ದೊಡ್ಡ ಸಂಗ್ರಹಣಾ ಟ್ಯಾಂಕ್‌ನಲ್ಲಿ ಅದು ವಾತಾವರಣದ ಒತ್ತಡದಲ್ಲೇ, ಮೈನಸ್ 33 ಡಿಗ್ರಿಯ ದ್ರವವಾಗಿರುತ್ತದೆ. ಅಲ್ಲಿಂದ ಯೂರಿಯಾ ರಿಯಾಕ್ಟರ್‌ವರೆಗಿನ ಪಿ ಆಂಡ್ ಐಡಿ ಹಾಳೆ (ಪೈಪ್, ವಾಲ್ವ್, ಉಪಕರಣಗಳ ನಕ್ಷೆ) ಕೇಳಿ ಪಡೆದು, ಫೀಲ್ಡ್ ಆಪರೇಟರ್ ಜೊತೆಗೇ (ಒಬ್ಬರೇ ಎಂದೂ ಬೇಡ) ಆ ಪೈಪ್ ಹಿಂದೆ ನಡೆಯಿರಿ. ಪ್ರತಿ ಪಂಪ್, ಪ್ರತಿ ಸೇಫ್ಟಿ ವಾಲ್ವ್, ಪ್ರತಿ ಟ್ಯಾಗ್ ಸಂಖ್ಯೆ ಹಾಳೆಯಲ್ಲಿರುವಂತೆ ಅಲ್ಲಿದೆಯೇ ನೋಡಿ. ಪ್ರತಿ ಕಂಟ್ರೋಲ್ ವಾಲ್ವ್ ಮುಂದೆ ನಿಂತು, ಇನ್‌ಸ್ಟ್ರುಮೆಂಟ್ ಏರ್ (ವಾಲ್ವ್ ನಡೆಸುವ ಒತ್ತಿದ ಗಾಳಿ) ಹೋದರೆ ಇದು ತೆರೆದುಕೊಳ್ಳುತ್ತದೋ ಮುಚ್ಚಿಕೊಳ್ಳುತ್ತದೋ, ಯಾಕೆ ಎಂದು ಕೇಳಿ. ತಂಪು ನೀರಿನದು ಸಾಮಾನ್ಯವಾಗಿ ತೆರೆಯಬೇಕು, ಬಿಸಿ ಮಾಡುವ ಸ್ಟೀಮ್‌ನದು ಮುಚ್ಚಬೇಕು. ಈ ಪ್ರಶ್ನೆಗೆ ಹತ್ತಾರು ವಾಲ್ವ್‌ಗಳ ಉತ್ತರ ಸಿಕ್ಕಿದಾಗ, ಆ ಘಟಕವನ್ನು ಕಟ್ಟಿದವರು ಏನೇನಕ್ಕೆ ಹೆದರಿದ್ದರು ಎಂಬುದು ನಿಮಗೆ ಗೊತ್ತಾಗಿರುತ್ತದೆ.

ಜೊತೆಗೆ ಒಂದು ಹೀಟ್ ಎಕ್ಸ್‌ಚೇಂಜರ್ (ಬಿಸಿ ಹರಿವಿನ ಶಾಖವನ್ನು ತಂಪು ಹರಿವಿಗೆ ದಾಟಿಸುವ ಉಪಕರಣ) ಆರಿಸಿಕೊಂಡು ಬಿಸಿ ಕಡೆ ಕಳೆದುಕೊಂಡ ಶಾಖ, ತಂಪು ಕಡೆ ಪಡೆದುಕೊಂಡ ಶಾಖ ಎರಡನ್ನೂ ಲಾಗ್‌ಶೀಟ್ ಅಂಕಿಗಳಿಂದ ಲೆಕ್ಕ ಹಾಕಿ. ಎರಡೂ ತಾಳೆಯಾಗುವುದು ಅಪರೂಪ. ಅಲ್ಲಿಗೆ ಬಿಡಬೇಡಿ, ನಿಜವಾದ ಕಲಿಕೆ ಶುರುವಾಗುವುದೇ ಅಲ್ಲಿ. ಹರಿವು ಅಳೆಯುವ ಆರಿಫಿಸ್ ಮೀಟರ್ ಯಾವ ಸಾಂದ್ರತೆಗೆ ಹೊಂದಿಸಿದ್ದು ಎಂದು ಇನ್‌ಸ್ಟ್ರುಮೆಂಟೇಶನ್‌ನವರನ್ನು ಕೇಳಿ. ಈಗಿನ ಸಾಂದ್ರತೆ ಬೇರೆಯಿದ್ದರೆ, ಅವೆರಡರ ಅನುಪಾತದ ವರ್ಗಮೂಲದಿಂದ ದ್ರವ್ಯರಾಶಿಯ ಹರಿವನ್ನು ತಿದ್ದಬೇಕು. ಅದಾದ ಮೇಲೆ ಬಂದ ಒಟ್ಟು ಶಾಖ ವರ್ಗಾವಣೆ ಗುಣಾಂಕವನ್ನು (ಶಾಖ ಎಷ್ಟು ಸುಲಭವಾಗಿ ದಾಟುತ್ತದೆ ಎಂಬ ಅಳತೆ) ಡೇಟಾಶೀಟ್ ಮೌಲ್ಯದ ಪಕ್ಕ ಇಟ್ಟರೆ ಟ್ಯೂಬ್‌ಗಳಲ್ಲಿ ಎಷ್ಟು ಕೊಳೆ ಕಟ್ಟಿದೆ ಎಂಬ ಅಂದಾಜು ಸಿಗುತ್ತದೆ.

ನೀವು ಹೋಗುತ್ತಿರುವ ಪ್ರದೇಶಕ್ಕೇ ಸೇರಿದ ಇನ್ನೊಂದು ಒಳ್ಳೆಯ ಪ್ರಶ್ನೆಯಿದೆ. ಅಲ್ಲಿ ಮೊದಲು ಅಮೋನಿಯಾ ತಯಾರಾಗುತ್ತಿದ್ದುದು ಕಚ್ಚಾ ತೈಲದಿಂದ ಸಿಗುವ ನಾಫ್ತಾದಿಂದ. 450 ಕಿಲೋಮೀಟರಿನ ಕೊಚ್ಚಿ-ಮಂಗಳೂರು ಅನಿಲ ಕೊಳವೆಮಾರ್ಗ 2021ರ ಜನವರಿಯಲ್ಲಿ ಉದ್ಘಾಟನೆಯಾಯಿತು, ಅದರೊಂದಿಗೆ ನೈಸರ್ಗಿಕ ಅನಿಲ ಬಂತು. ಅದರ ಮುಖ್ಯ ಅಂಶವಾದ ಮೀಥೇನ್‌ನಲ್ಲಿ ಇಂಗಾಲದ ಪಾಲು ನಾಫ್ತಾಕ್ಕಿಂತ ಕಡಿಮೆ. ಮೀಥೇನ್‌ನಿಂದ ಅಮೋನಿಯಾ ತಯಾರಿಸುವ ಆದರ್ಶ ಸಮೀಕರಣ ಬರೆದು ನೋಡಿದರೆ 16 ಅಮೋನಿಯಾ ಅಣುಗಳ ಜೊತೆ 7 ಕಾರ್ಬನ್ ಡೈಆಕ್ಸೈಡ್ ಅಣು ಹುಟ್ಟುತ್ತವೆ, ಅಷ್ಟೂ ಅಮೋನಿಯಾವನ್ನು ಯೂರಿಯಾ ಮಾಡಲು ಬೇಕಾದದ್ದು 8. ಆ ಕೊರತೆಯನ್ನು ಹೇಗೆ ನಿಭಾಯಿಸುತ್ತೀರಿ ಎಂದು ಶಿಫ್ಟ್ ಇನ್‌ಚಾರ್ಜ್ ಅವರನ್ನು ಕೇಳಿ. ಇದನ್ನು ಕೇಳುವ ವಿದ್ಯಾರ್ಥಿಗೆ ಅವರು ಕುರ್ಚಿ ಎಳೆದು ಕೊಟ್ಟು ವಿವರಿಸುತ್ತಾರೆ.

ಸುರಕ್ಷತೆಯ ತರಗತಿಯಲ್ಲಿ ತೂಕಡಿಸಬೇಡಿ, ಕೈಮುಗಿದು ಕೇಳುತ್ತೇನೆ. ಅಮೋನಿಯಾ ಗಾಳಿಗಿಂತ ಹಗುರ ಎಂದು ಓದಿರುತ್ತೀರಿ, ಆದರೆ ತಣ್ಣನೆಯ ದ್ರವ ಸೋರಿದಾಗ ಅದರ ಮಂಜು ನೆಲಕ್ಕಂಟಿಕೊಂಡೇ ಹರಿಯಬಲ್ಲದು. ಒಳಗೆ ಕಾಲಿಟ್ಟ ಕೂಡಲೇ ಗಾಳಿಯ ದಿಕ್ಕು ತೋರಿಸುವ ವಿಂಡ್‌ಸಾಕ್ ಎಲ್ಲಿದೆ ನೋಡಿಕೊಳ್ಳಿ. ಸೋರಿಕೆಯಾದರೆ ಗಾಳಿಗೆ ಅಡ್ಡಲಾಗಿ ಓಡಬೇಕು, ಗಾಳಿ ಸಾಗುತ್ತಿರುವ ದಿಕ್ಕಿಗಲ್ಲ. ಹೋಗುವ ಮೊದಲು 1984ರ ಭೋಪಾಲ ದುರಂತದ ಬಗ್ಗೆ ವಿವರವಾಗಿ ಓದಿ. ಅಲ್ಲಿ ಟ್ಯಾಂಕ್ ತಂಪಾಗಿಡುವ ವ್ಯವಸ್ಥೆ ತಿಂಗಳುಗಳಿಂದ ನಿಂತಿತ್ತು, ಫ್ಲೇರ್‌ಗೆ (ಹೊರಬರುವ ಅನಿಲವನ್ನು ಸುಡುವ ಗೋಪುರ) ಹೋಗುವ ಪೈಪನ್ನು ರಿಪೇರಿಗೆಂದು ಕಳಚಿಡಲಾಗಿತ್ತು. ನಿಮ್ಮ ಲೈನಿನಲ್ಲಿ ಇವತ್ತು ಯಾವ ರಕ್ಷಣೆ ಬೈಪಾಸ್‌ನಲ್ಲಿದೆ (ಬೇಕೆಂದೇ ಕೆಲಸ ಮಾಡದಂತೆ ಇಟ್ಟಿದೆ), ಯಾರ ಅನುಮತಿಯಿಂದ, ಎಲ್ಲಿಯವರೆಗೆ ಎಂದು ಕೇಳಲು ಆಮೇಲೆ ನಿಮಗೇ ತೋಚುತ್ತದೆ.

ಒಯ್ಯಬೇಕಾದದ್ದು ಹತ್ತಿಯ ಬಟ್ಟೆ, ಸೇಫ್ಟಿ ಶೂ, ಜೇಬಿನಲ್ಲಿ ಹಿಡಿಯುವ ನೋಟ್‌ಬುಕ್. ಪ್ಲಾಂಟ್ ಒಳಗೆ ಮೊಬೈಲ್ ಬಿಡುವುದಿಲ್ಲ. ಆಪರೇಟರ್‌ಗಳಿಗೆ ಬಿಡುವಿದ್ದಾಗ ಮಾತಾಡಿಸಿ, ಶಿಫ್ಟ್ ಬದಲಾಗುವ ಹೊತ್ತಿನಲ್ಲಿ ಸುಮ್ಮನೆ ಪಕ್ಕದಲ್ಲಿ ನಿಂತು ಅವರು ಒಬ್ಬರಿಗೊಬ್ಬರು ಏನು ಹೇಳಿಕೊಳ್ಳುತ್ತಾರೆ ಕೇಳಿ. ವರದಿಯನ್ನು ಕಾಲೇಜಿಗೆ ಕೊಡುವ ಮೊದಲು ವಿಭಾಗದವರಿಗೆ ತೋರಿಸಿ ಒಪ್ಪಿಗೆ ಪಡೆಯಿರಿ. ಲೆಕ್ಕ ಎಲ್ಲಾದರೂ ಸಿಕ್ಕಿಕೊಂಡರೆ ಕೆಳಗೆ ಬರೆಯಿರಿ, ಸೇರಿ ನೋಡೋಣ. ಕಂಪನಿಯ ಅಂಕಿಗಳನ್ನು ಮಾತ್ರ ಇಲ್ಲಿ ಹಾಕಬೇಡಿ, ಅದೇ ರೀತಿಯ ಕಾಲ್ಪನಿಕ ಸಂಖ್ಯೆ ಇಟ್ಟು ಕೇಳಿ.