ಐಫೋನ್ ಮ್ಯಾಪಿನಲ್ಲಿ ಅದೇ ಪಿನ್ ಮತ್ತೆ ಒತ್ತಿದರೆ ಯಾಕೆ ತೆರೆಯುವುದಿಲ್ಲ?

ಮುಂಬೈ ಮಾಟುಂಗಾದ ಉಡುಪಿ ಹೋಟೆಲುಗಳ ನಿಮ್ಮ ಆ್ಯಪ್‌ನಲ್ಲಿ ಪಿನ್ ಒತ್ತಿದರೆ ವಿವರದ ಪುಟ ಬರುತ್ತದೆ. ಮುಚ್ಚಿ ಅದನ್ನೇ ಒತ್ತಿದರೆ ಏನೂ ಆಗುವುದಿಲ್ಲ, ಅಲ್ವಾ? ಆ್ಯಪಲ್‌ನ ಮ್ಯಾಪ್ ಲೈಬ್ರರಿಯಾದ ಮ್ಯಾಪ್‌ಕಿಟ್ ಇರುವುದೇ ಹಾಗೆ. ಪುಟ ಮುಚ್ಚಿದರೂ ಆ ಪಿನ್ ಆಯ್ಕೆಯಾಗಿಯೇ ಉಳಿದಿರುತ್ತದೆ. ಹೊಸದಾಗಿ ಆಯ್ಕೆಯಾದಾಗ ಮಾತ್ರ ಪುಟ ತೆರೆಯುವ ಡಿಡ್‌ಸೆಲೆಕ್ಟ್ ಫಂಕ್ಷನ್ ಓಡುತ್ತದೆ. ಪಕ್ಕದ ಹೋಟೆಲಿನ ಪಿನ್ ಒತ್ತಿ ವಾಪಸ್ ಬನ್ನಿ, ಆಗ ತೆರೆಯುತ್ತದೆ.

ಪುಟ ಮುಚ್ಚುವಾಗ ಪಿನ್ನಿನ ಆಯ್ಕೆ ತೆಗೆಯುವ ಡಿಸೆಲೆಕ್ಟ್‌ಅನೋಟೇಶನ್ ಫಂಕ್ಷನ್ ಕರೆಯಿರಿ. ಬಟನ್ ಒತ್ತಿ ಮುಚ್ಚಿದರೂ, ಬೆರಳಿನಿಂದ ಕೆಳಗೆಳೆದು ಮುಚ್ಚಿದರೂ ಅದು ನಡೆಯಬೇಕು. ಎರಡನೆಯದನ್ನು ಜಾಸ್ತಿ ಜನ ಮರೆಯುತ್ತಾರೆ. ಡಿಡ್‌ಸೆಲೆಕ್ಟ್ ಒಳಗೇ ಕರೆದರೂ ನಡೆಯುತ್ತದೆ, ಆದರೆ ಯಾವ ಹೋಟೆಲ್ ನೋಡುತ್ತಿದ್ದೇವೆ ಎಂಬ ಗುರುತು ಮ್ಯಾಪಿನಿಂದ ಹೋಗಿಬಿಡುತ್ತದೆ. ನನಗದು ಹಿಡಿಸುವುದಿಲ್ಲ. ಸುಮ್ನೆ ಪ್ರತಿ ಪಿನ್‌ಗೂ ಬೇರೆ ಟ್ಯಾಪ್ ಗೆಸ್ಚರ್ (ಒತ್ತಿದ್ದನ್ನು ಗುರುತಿಸುವ ಕೋಡ್) ಅಂಟಿಸಬೇಡಿ.

ಆಂಡ್ರಾಯ್ಡ್‌ನ ಗೂಗಲ್ ಮ್ಯಾಪ್ಸ್‌ನಲ್ಲಿ ಪಿನ್ ಪ್ರತಿ ಸಲ ಒತ್ತಿದಾಗಲೂ ಅದನ್ನು ತಿಳಿಸುವ ಫಂಕ್ಷನ್ ಓಡುತ್ತದೆ. ಅಲ್ಲಿ ಪುಟ ಆಗಲೇ ತೆರೆದಿದೆಯೇ ಎಂದು ನೋಡಿಕೊಂಡರೆ ಸಾಕು.